ಮಿನಿ ಟ್ರ್ಯಾಕ್ಟರ್‌ಗೆ ಹೈಡ್ರಾಲಿಕ್ ಗುಂಡಿ ಯಂತ್ರ ಕೊಳ್ಳಬೇಕೇ? ಮೊದಲು ಈ ಲೆಕ್ಕ ನೋಡಿ

ಮಿನಿ ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಕಬ್ಬಿಣದ ಸುರುಳಿ ನೆಲಕ್ಕೆ ಇಳಿಯುತ್ತದೆ. ಅರ್ಧ ನಿಮಿಷದಲ್ಲಿ ಮೊಣಕಾಲುದ್ದದ ಗುಂಡಿ ತೆಗೆದು ಮೇಲೆ ಬರುತ್ತದೆ. ರೈತರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ವಿಡಿಯೊಗಳಿಗೆ ಬರವಿಲ್ಲ. ಜೊತೆಗೆ ಬರುವ ಮಾತುಗಳೂ ಹೆಚ್ಚುಕಡಿಮೆ ಒಂದೇ: ಹೈಡ್ರಾಲಿಕ್ ಆದರೆ ಯಾವ ನೆಲವಾದರೂ ಸರಿ, ಎಚ್‌ಪಿ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಒಂದೇ ದಿನದಲ್ಲಿ ಎಕರೆಗಟ್ಟಲೆ ಅಡಿಕೆ ಗುಂಡಿ ಮುಗಿಯುತ್ತದೆ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಂಥ ಊರಿನಲ್ಲಿ ಇದು ನೋಡಿ ಮರೆಯುವ ವಿಡಿಯೊ ಅಲ್ಲ. ಇಲ್ಲಿ ಒಂದು ಕಡೆ ಭದ್ರಾ ಜಲಾಶಯ, ಇನ್ನೊಂದು ಕಡೆ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಭದ್ರಾ ಕಾಡು, ಇವುಗಳ ಮಗ್ಗುಲಲ್ಲೇ ಅಡಿಕೆ, ತೆಂಗು, ಗದ್ದೆ. ಹಂದಿ, ದನಗಳಿಂದ ತೋಟ ಉಳಿಸಿಕೊಳ್ಳಲು ಬೇಲಿ ಬೇಕು, ಬೇಲಿಗೆ ಕಂಬ ಬೇಕು, ಕಂಬಕ್ಕೆ ಗುಂಡಿ ಬೇಕು. ಹಾರೆ ಹಿಡಿದು ಗುಂಡಿ ತೋಡುವ ಆಳು ಸಿಗುವುದು ಮಾತ್ರ ಕಷ್ಟ. ಹಾಗಾಗಿ ಸಾಲ ಮಾಡಿಯಾದರೂ ಒಂದು ಯಂತ್ರ ತಂದುಬಿಡೋಣ ಅನ್ನಿಸುವುದು ಸಹಜ.

ತರುವ ಮುನ್ನ ಆ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಅಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ಯಂತ್ರ ತಿರುಗುವುದು ಹೇಗೆ?

ಟ್ರ್ಯಾಕ್ಟರ್‌ಗೆ ಕಟ್ಟುವ ಗುಂಡಿ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಪಿಟಿಒ ಯಂತ್ರ. ರೋಟವೇಟರ್ ತಿರುಗಿಸುವ ಅದೇ ಹಿಂದಿನ ಶಾಫ್ಟ್ ಇದನ್ನೂ ತಿರುಗಿಸುತ್ತದೆ. ನಡುವೆ ಒಂದು ಗೇರ್‌ಬಾಕ್ಸ್ ಇದ್ದು ವೇಗ ಇಳಿಸಿ ತಿರುಚುವ ಬಲ ಹೆಚ್ಚಿಸುತ್ತದೆ. ಎರಡನೆಯದು ಹೈಡ್ರಾಲಿಕ್. ಇಲ್ಲಿ ಟ್ರ್ಯಾಕ್ಟರ್‌ನ ಪಂಪ್ ಆಯಿಲನ್ನು ಒತ್ತಡದಲ್ಲಿ ಕಳಿಸುತ್ತದೆ, ಆ ಆಯಿಲ್ ಸುರುಳಿಯ ತಲೆಯ ಮೇಲಿರುವ ಮೋಟರ್ ಅನ್ನು ತಿರುಗಿಸುತ್ತದೆ.

ಹೈಡ್ರಾಲಿಕ್ ಲೆಕ್ಕ ಲಕ್ಕವಳ್ಳಿಯವರಿಗೆ ಹೊಸದೇನಲ್ಲ. ಭದ್ರಾ ಅಣೆಕಟ್ಟಿನ ಬಳಿಯ ವಿದ್ಯುದಾಗಾರದಲ್ಲಿ ಎಷ್ಟು ಕರೆಂಟ್ ಬರುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ನೀರು ಎಷ್ಟು ಎತ್ತರದಿಂದ ಒತ್ತುತ್ತಿದೆ, ಎಷ್ಟು ನೀರು ಹರಿಯುತ್ತಿದೆ. ಜಲಾಶಯ ತುಂಬಿದ್ದರೂ ಗೇಟು ಮುಚ್ಚಿದರೆ ಕರೆಂಟ್ ಇಲ್ಲ. ಗೇಟು ಪೂರ್ತಿ ತೆರೆದರೂ ನೀರಿನ ಮಟ್ಟ ತಳ ಸೇರಿದ್ದರೆ ಕರೆಂಟ್ ಕಡಿಮೆ. ಗುಂಡಿ ಯಂತ್ರದ ಮೋಟರ್‌ಗೂ ಇದೇ ನಿಯಮ. ಒತ್ತಡ ಎಷ್ಟು, ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್, ಇವೆರಡೇ ಅದರ ಶಕ್ತಿ. ಬಾನೆಟ್ ಮೇಲೆ ಬರೆದ ಎಚ್‌ಪಿ ಎಂಜಿನ್‌ನದು, ಮೋಟರ್‌ನದಲ್ಲ.

ಮಾತು 1: "ಪಿಟಿಒಗಿಂತ ಹೈಡ್ರಾಲಿಕ್‌ಗೆ ಶಕ್ತಿ ಜಾಸ್ತಿ"

ಮಿನಿ ಟ್ರ್ಯಾಕ್ಟರ್ ಮಟ್ಟಿಗೆ ಇದು ಬಹುಪಾಲು ತಲೆಕೆಳಗಾದ ಮಾತು.

ಉದಾಹರಣೆಗೆ 24 ಎಚ್‌ಪಿಯ ಒಂದು ಮಿನಿ ಟ್ರ್ಯಾಕ್ಟರ್ ತೆಗೆದುಕೊಳ್ಳೋಣ. ಅದರ ಪಿಟಿಒದಲ್ಲಿ 19–20 ಎಚ್‌ಪಿ ಸಿಕ್ಕೀತು. ಈ ಗಾತ್ರದ ಅನೇಕ ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಪಂಪ್ ಮಾತ್ರ ನಿಮಿಷಕ್ಕೆ 15ರಿಂದ 25 ಲೀಟರ್ ಆಸುಪಾಸಿನದು. ಅದನ್ನು ಇಟ್ಟಿರುವುದು ಲಿಫ್ಟ್ ಎತ್ತಲು, ಟ್ರಾಲಿ ಎತ್ತಲು. ಇಡೀ ದಿನ ಮೋಟರ್ ತಿರುಗಿಸಲು ಅಲ್ಲ.

ಶಕ್ತಿಯ ಲೆಕ್ಕ ಸುಲಭ. ಒತ್ತಡವನ್ನು ಬಾರ್‌ನಲ್ಲಿ ಇಟ್ಟು, ನಿಮಿಷದ ಲೀಟರ್‌ನಿಂದ ಗುಣಿಸಿ, 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ಮೆಕ್ಯಾನಿಕ್‌ಗಳು "180 ಕೆಜಿ ಪ್ರೆಶರ್" ಅನ್ನುವುದೂ 180 ಬಾರ್ ಅನ್ನುವುದೂ ಹೆಚ್ಚುಕಡಿಮೆ ಒಂದೇ. 180 ಬಾರ್, 20 ಲೀಟರ್ ಎಂದರೆ 6 ಕಿಲೋವ್ಯಾಟ್, ಅಂದರೆ ಸುಮಾರು 8 ಎಚ್‌ಪಿ. ಪೈಪು, ವಾಲ್ವ್, ಮೋಟರ್‌ಗಳಲ್ಲಿ ಸೋರುವ ಶಕ್ತಿ ಕಳೆದರೆ ಸುರುಳಿಗೆ ತಲುಪುವುದು 6–7 ಎಚ್‌ಪಿ.

ಅದೇ ಟ್ರ್ಯಾಕ್ಟರ್, ಅದೇ ಡೀಸೆಲ್. ಪಿಟಿಒದಲ್ಲಿ ಸುಮಾರು 20, ಹೈಡ್ರಾಲಿಕ್‌ನಲ್ಲಿ ಅದರ ಮೂರನೇ ಒಂದು ಪಾಲು. ಅಂದಮೇಲೆ ವಿಡಿಯೊದ ಹೈಡ್ರಾಲಿಕ್ ಯಂತ್ರ ಅಷ್ಟು ಚುರುಕಾಗಿ ತೋಡುವುದು ಹೇಗೆ? ಹಲವು ವಿಡಿಯೊಗಳಲ್ಲಿ ಅದು ಕೂತಿರುವುದು ಜೆಸಿಬಿ ಅಥವಾ ಅಗೆಯುವ ಯಂತ್ರದ ತೋಳಿನ ಮೇಲೆ. ಅವುಗಳ ಪಂಪ್ ಹಲವು ಪಟ್ಟು ದೊಡ್ಡದು. ಮುಂದಿನ ಸಲ ವಿಡಿಯೊ ಬಂದಾಗ ಸುರುಳಿಯನ್ನು ನೋಡುವ ಮೊದಲು ಅದನ್ನು ಯಾವುದಕ್ಕೆ ಕಟ್ಟಿದ್ದಾರೆ ಎಂದು ನೋಡಿ.

ಹಾಗಂತ ಹೈಡ್ರಾಲಿಕ್ ಕೆಟ್ಟದ್ದೇನಲ್ಲ. ಅದಕ್ಕೆ ಎರಡು ದೊಡ್ಡ ಗುಣಗಳಿವೆ. ಬೇರಿಗೋ ಕಲ್ಲಿಗೋ ಸುರುಳಿ ಸಿಕ್ಕಿಕೊಂಡರೆ ಲಿವರ್ ತಿರುಗಿಸಿ ಹಿಮ್ಮುಖವಾಗಿ ಬಿಡಿಸಬಹುದು. ಭಾರ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಮೋಟರ್ ನಿಲ್ಲುತ್ತದೆ, ಗೇರ್ ಮುರಿಯುವುದಿಲ್ಲ. ಸಾಮಾನ್ಯ ಪಿಟಿಒ ಯಂತ್ರದಲ್ಲಿ ಹಿಮ್ಮುಖ ಇಲ್ಲ. ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಆಫ್ ಮಾಡಿ, ದೊಡ್ಡ ಪೈಪ್ ಪಾನಾ ಹಾಕಿ ಕೈಯಲ್ಲೇ ಹಿಂದಕ್ಕೆ ತಿರುಗಿಸಬೇಕು.

ಮಾತು 2: "ದೊಡ್ಡ ಮೋಟರ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ"

ದೊಡ್ಡ ಮೋಟರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಇದ್ದ ಶಕ್ತಿಯನ್ನು ವೇಗ ಮತ್ತು ಬಲದ ನಡುವೆ ಬೇರೆ ರೀತಿ ಹಂಚುತ್ತದೆ, ಅಷ್ಟೇ. ಸೈಕಲ್‌ನ ಗೇರ್ ಇದ್ದಂತೆ.

ನಿಮಿಷಕ್ಕೆ 20 ಲೀಟರ್ ಬರುವ ಪಂಪ್‌ಗೆ 100 ಸಿಸಿ ಮೋಟರ್ ಹಾಕಿದರೆ ಅದು ನಿಮಿಷಕ್ಕೆ 200 ಸುತ್ತು ತಿರುಗುತ್ತದೆ. 180 ಬಾರ್ ಒತ್ತಡದಲ್ಲಿ ಲೆಕ್ಕದ ಪ್ರಕಾರ ತಿರುಚುವ ಬಲ ಸುಮಾರು 286 ನ್ಯೂಟನ್ ಮೀಟರ್. ಅದೇ ಜಾಗದಲ್ಲಿ 250 ಸಿಸಿ ಮೋಟರ್ ಇದ್ದರೆ ಸುತ್ತು 80ಕ್ಕೆ ಇಳಿಯುತ್ತದೆ, ಬಲ ಸುಮಾರು 716ಕ್ಕೆ ಏರುತ್ತದೆ. ಮೊದಲನೆಯದು ಮೆದು ಮಣ್ಣಿನಲ್ಲಿ ಚುರುಕು, ಗಟ್ಟಿ ನೆಲದಲ್ಲಿ ನಿಂತುಬಿಡುತ್ತದೆ. ಎರಡನೆಯದು ನಿಧಾನ, ಆದರೆ ಸುಲಭಕ್ಕೆ ನಿಲ್ಲುವುದಿಲ್ಲ.

ಗುಂಡಿಯ ಅಗಲವೂ ಈ ಲೆಕ್ಕಕ್ಕೆ ಸೇರುತ್ತದೆ. 9 ಇಂಚಿನಿಂದ 12 ಇಂಚಿಗೆ ಹೋದರೆ ಮೂರೇ ಇಂಚು ಹೆಚ್ಚಿದಂತೆ ಕಾಣುತ್ತದೆ. ತೆಗೆಯಬೇಕಾದ ಮಣ್ಣು ಮಾತ್ರ ಮುಕ್ಕಾಲು ಪಾಲಿಗೂ ಹೆಚ್ಚು ಏರುತ್ತದೆ. ಹಾಗಾಗಿ ಕಂಬಕ್ಕೆ ಬೇಕಾದಷ್ಟೇ ಅಗಲ ಆರಿಸುವುದು ಜಾಣತನ. 5 ಇಂಚು ಚೌಕದ ಕಲ್ಲುಕಂಬದ ಮೂಲೆಯಿಂದ ಮೂಲೆಗೆ ಸುಮಾರು 7 ಇಂಚು. ಅದಕ್ಕೆ 9 ಇಂಚಿನ ಗುಂಡಿ ಸಾಕು. ಸುತ್ತ ಮಣ್ಣು ತುಂಬಿ ಹಾರೆಯ ಹಿಂಬದಿಯಿಂದ ಗಿಡಿಯಲೂ ಜಾಗ ಉಳಿಯುತ್ತದೆ.

ಮಾತು 3: "ಹೈಡ್ರಾಲಿಕ್ ಲಿಫ್ಟ್ ಸುರುಳಿಯನ್ನು ನೆಲಕ್ಕೆ ಒತ್ತುತ್ತದೆ"

ಇಲ್ಲ. ನಮ್ಮಲ್ಲಿನ ಬಹುತೇಕ ಟ್ರ್ಯಾಕ್ಟರ್‌ಗಳ ಹಿಂದಿನ ಲಿಫ್ಟ್ ಎತ್ತುತ್ತದೆಯೇ ಹೊರತು ಒತ್ತುವುದಿಲ್ಲ. ಲಿವರ್ ಇಳಿಸಿದಾಗ ಯಂತ್ರ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಹಗುರ ಯಂತ್ರವಾದರೆ ಬಿರುಬೇಸಿಗೆಯ ಒಣ ಕೆಂಪು ಮಣ್ಣಿನ ಮೇಲೆ ಸುರುಳಿ ಸುಮ್ಮನೆ ತಿರುಗುತ್ತಾ ನೆಲ ಉಜ್ಜುತ್ತದೆ, ಒಳಗೆ ಹೋಗುವುದಿಲ್ಲ. ಪಂಪ್ ಎಷ್ಟು ದೊಡ್ಡದಿದ್ದರೂ ಈ ತೊಂದರೆ ನೀಗದು. ಜೆಸಿಬಿಯ ತೋಳಿಗೆ ಒತ್ತುವ ಸಿಲಿಂಡರ್ ಇರುವುದರಿಂದಲೇ ಅದು ಗಟ್ಟಿ ನೆಲದಲ್ಲೂ ಇಳಿಯುತ್ತದೆ.

ಹೀಗೆ ನೆಲ ಉಜ್ಜುತ್ತಿರುವಾಗ ಕೆಲವರು ಮಾಡುವ ಒಂದು ಕೆಲಸ ಜೀವಕ್ಕೆ ಎರವಾಗಬಹುದು. ಭಾರ ಸಾಲದು ಎಂದು ಒಬ್ಬ ಆಳನ್ನು ಯಂತ್ರದ ತೋಳಿನ ಮೇಲೆ ನಿಲ್ಲಿಸುತ್ತಾರೆ, ಇಲ್ಲವೇ ಕೈಯಿಂದ ಒತ್ತಿಸುತ್ತಾರೆ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ತುದಿಯೋ, ಸೆರಗೋ, ಹೆಗಲ ಟವೆಲ್ಲೋ ಒಂದು ಬೋಲ್ಟ್‌ಗೆ ಸಿಕ್ಕರೆ ಒಂದು ಸೆಕೆಂಡಿನಲ್ಲಿ ಒಂಬತ್ತು ಸುತ್ತು ಸುತ್ತಿಕೊಳ್ಳುತ್ತದೆ. "ನಿಲ್ಲಿಸು" ಎಂದು ಕೂಗುವಷ್ಟೂ ಹೊತ್ತು ಇರುವುದಿಲ್ಲ. ಇಂಥ ವಿಡಿಯೊ ನಿಮಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ನೆಲ ಇಳಿಯದಿದ್ದರೆ ದಾರಿ ಬೇರೆ ಇದೆ. ಗುರುತು ಮಾಡಿದ ಜಾಗದಲ್ಲಿ ಹಾರೆಯಿಂದ ಒಂದು ಸಣ್ಣ ಕುಳಿ ಮಾಡಿ ಹಿಂದಿನ ಸಂಜೆ ನೀರು ನಿಲ್ಲಿಸಿ. ಇಲ್ಲವೇ ಮೊದಲ ಎರಡು ಮೂರು ಹದವಾದ ಮಳೆ ಬಿದ್ದ ಮೇಲೆ ಕೆಲಸ ಹಿಡಿಯಿರಿ. ಹಲ್ಲು ಸವೆದಿದ್ದರೆ ಬದಲಿಸಿ. ಮೊಂಡು ಹಲ್ಲಿಗೆ ಎಷ್ಟು ಎಚ್‌ಪಿ ಕೊಟ್ಟರೂ ಪ್ರಯೋಜನವಿಲ್ಲ.

ಮಣ್ಣು ಊರಿಂದ ಊರಿಗೆ ಬೇರೆ ಎಂಬುದೂ ನೆನಪಿರಲಿ. ಅಜ್ಜಂಪುರ ಕಡೆಯ ಎರೆ ಹೊಲದಲ್ಲಿ ಚೆನ್ನಾಗಿ ಓಡಿದ ಯಂತ್ರ ಗರಸು, ಜಂಬಿಟ್ಟಿಗೆ, ಕಲ್ಲು ಬೆರೆತ ನೆಲದಲ್ಲಿ ಹಾಗೇ ಓಡಬೇಕೆಂದಿಲ್ಲ. ಯಂತ್ರದ ಡೆಮೊ ನಿಮ್ಮ ಜಮೀನಿನಲ್ಲೇ, ಅದರಲ್ಲೂ ಅತಿ ಗಟ್ಟಿಯಾದ ಮೂಲೆಯಲ್ಲೇ ಆಗಲಿ.

ಮಾತು 4: "ಅಡಿಕೆ ಗುಂಡಿಗೂ ಇದೇ ಸಾಕು"

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆಗೆ ಹೇಳುವ ಅಂತರ 2.7 ಮೀಟರ್, ಗುಂಡಿಯ ಅಳತೆ ಉದ್ದ, ಅಗಲ, ಆಳ ಮೂರೂ 90 ಸೆಂಟಿಮೀಟರ್. ಅಂಥ ಒಂದು ಗುಂಡಿಯಲ್ಲಿ 729 ಲೀಟರ್ ಮಣ್ಣು ಹೊರಗೆ ಬರುತ್ತದೆ. 12 ಇಂಚಿನ ಸುರುಳಿ ಅಷ್ಟೇ ಆಳಕ್ಕೆ ತೋಡಿದರೆ ಬರುವ ಮಣ್ಣು ಸುಮಾರು 66 ಲೀಟರ್. ಹನ್ನೊಂದರಲ್ಲಿ ಒಂದು ಪಾಲೂ ಅಲ್ಲ.

ಗುಂಡಿ ದೊಡ್ಡದಿರಬೇಕು ಎನ್ನುವುದಕ್ಕೆ ಕಾರಣವಿದೆ. ಸಡಿಲವಾದ ಮಣ್ಣು, ಗೊಬ್ಬರದಲ್ಲಿ ಎಳೆ ಬೇರು ಸುಲಭವಾಗಿ ಹರಡಬೇಕು. ಸುರುಳಿ ತೋಡಿದ ಕಿರಿದಾದ ಗುಂಡಿಯಲ್ಲಿ ಇನ್ನೊಂದು ತೊಂದರೆಯೂ ಉಂಟು. ಜಿಗುಟು ಮಣ್ಣು ಹಸಿಯಿದ್ದಾಗ ತೋಡಿದರೆ ಸುರುಳಿ ಗುಂಡಿಯ ಗೋಡೆಯನ್ನು ಸವರಿ ಮಡಕೆಯಂತೆ ನುಣುಪು ಮಾಡುತ್ತದೆ. ಆ ಗೋಡೆ ದಾಟಲು ಬೇರಿಗೂ ಕಷ್ಟ, ಒಳಗೆ ನಿಂತ ನೀರು ಇಂಗಲೂ ಕಷ್ಟ. ಬೇಲಿಕಂಬಕ್ಕೆ ಇದರಿಂದ ತೊಂದರೆಯಿಲ್ಲ, ಸಸಿಗೆ ಇದೆ. ಸಸಿ ನೆಡಲು ಈ ಯಂತ್ರ ಬಳಸುವುದೇ ಆದರೆ ಗುಂಡಿಯ ಗೋಡೆಯನ್ನು ಹಾರೆಯಿಂದ ಕೆರೆದು ಒರಟು ಮಾಡಿ, ಬಾಯಿಯನ್ನು ಗುದ್ದಲಿಯಿಂದ ಅಗಲಿಸಿ. ಅಡಿಕೆಗೆ ಪೂರ್ತಿ ಅಳತೆಯ ಗುಂಡಿ ಬೇಕೆಂದರೆ ಮಿನಿ ಟ್ರ್ಯಾಕ್ಟರ್‌ನ ಸುರುಳಿ ಅದಕ್ಕಾಗಿ ಹುಟ್ಟಿದ್ದಲ್ಲ.

ಹಾಗಾದರೆ ಯಾರಿಗೆ ಯಾವುದು?

ಬೇಲಿಕಂಬವೇ ಮುಖ್ಯ ಕೆಲಸ, ಟ್ರ್ಯಾಕ್ಟರ್ 20–30 ಎಚ್‌ಪಿ, ಅದರ ಹೈಡ್ರಾಲಿಕ್ ಪಂಪ್ ಸಣ್ಣದು. ಇಂಥವರಿಗೆ ಪಿಟಿಒ ಯಂತ್ರವೇ ಹೆಚ್ಚು ಹೊಂದುತ್ತದೆ. ಕೆಲವು ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒಗೆ ಎರಡು ವೇಗಗಳಿರುತ್ತವೆ. ಯಂತ್ರದ ಮೇಲೆ 540 ಎಂದಿದ್ದರೆ ಆ ವೇಗದಲ್ಲೇ ಓಡಿಸಬೇಕು. ಭಾರ ಹೆಚ್ಚಾದಾಗ ತುಂಡಾಗುವ ಶಿಯರ್ ಬೋಲ್ಟ್ ಇರುವುದು ಗೇರ್‌ಬಾಕ್ಸ್ ಉಳಿಸಲು. ಪದೇ ಪದೇ ತುಂಡಾಗುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿಸಿದರೆ ಮುಂದೆ ಮುರಿಯುವುದು ಗೇರ್‌ಬಾಕ್ಸ್.

ಮೆದು ಮಣ್ಣು, 6ರಿಂದ 9 ಇಂಚಿನ ಗುಂಡಿ, ನೆಲದಲ್ಲಿ ಬೇರು ಹೆಚ್ಚು, ಆಗಾಗ ಹಿಮ್ಮುಖ ಬೇಕು, ಅವಸರವೇನಿಲ್ಲ ಎನ್ನುವವರಿಗೆ ಟ್ರ್ಯಾಕ್ಟರ್‌ನ ಸ್ವಂತ ಪಂಪ್‌ನಿಂದ ಓಡುವ ಹೈಡ್ರಾಲಿಕ್ ಯಂತ್ರ ಆಗುತ್ತದೆ. ಆದರೆ ಟ್ರಾಲಿ ಎತ್ತಲು ಇರುವ ಒಂಟಿ ಪೈಪ್ ಇದಕ್ಕೆ ಸಾಲದು. ಮೋಟರ್‌ಗೆ ಹೋಗಲು ಒಂದು ದಾರಿ, ವಾಪಸ್ ಬರಲು ಇನ್ನೊಂದು ದಾರಿ ಬೇಕು. ಎರಡೂ ಕಡೆ ತಿರುಗಬೇಕಾದರೆ ಅದಕ್ಕೆ ತಕ್ಕ ವಾಲ್ವ್ ಟ್ರ್ಯಾಕ್ಟರ್‌ನಲ್ಲೋ ಯಂತ್ರದಲ್ಲೋ ಇರಬೇಕು. ಮೋಟರ್ ಸಿಕ್ಕಿಕೊಂಡು ರಿಲೀಫ್ ವಾಲ್ವ್ ತೆರೆದಾಗ ಪಂಪ್‌ನ ಶಕ್ತಿಯೆಲ್ಲ ಬಿಸಿಯಾಗಿ ಆಯಿಲ್ ಸೇರುತ್ತದೆ. ಹಲವು ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್‌ಗೂ ಅದೇ ಆಯಿಲ್. ಹಾಗಾಗಿ ಆಯಿಲ್ ಬಿಸಿಯಾದರೆ ಬಿಡುವು ಕೊಡಲೇಬೇಕು.

ದಿನವೂ ಬಾಡಿಗೆಗೆ ಓಡಿಸುವವರಿಗೆ ಮೂರನೆಯ ದಾರಿ ಇದೆ. ಪಿಟಿಒಗೇ ಬೇರೆ ದೊಡ್ಡ ಪಂಪ್, ಬೇರೆ ಆಯಿಲ್ ಟ್ಯಾಂಕ್ ಜೋಡಿಸಿದ ಹೈಡ್ರಾಲಿಕ್ ಯಂತ್ರ. ಇದರಲ್ಲಿ ಪಿಟಿಒದ ಶಕ್ತಿಯೂ ಸಿಗುತ್ತದೆ, ಹಿಮ್ಮುಖವೂ ಸಿಗುತ್ತದೆ. ಬೆಲೆ ಹೆಚ್ಚು, ಭಾರವೂ ಹೆಚ್ಚು. ಮಿನಿ ಟ್ರ್ಯಾಕ್ಟರ್‌ನ ಲಿಫ್ಟ್ ಅಷ್ಟು ಭಾರ ತಾಳುತ್ತದೆಯೇ, ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ತಪ್ಪುವುದಿಲ್ಲವೇ ಎಂದು ನೋಡಿ, ಬೇಕಿದ್ದರೆ ಮುಂದೆ ತೂಕ ಕಟ್ಟಿಸಬೇಕು.

ಕೊಳ್ಳಲೇಬೇಕೇ?

ಇದಕ್ಕೂ ಒಂದು ಲೆಕ್ಕವಿದೆ. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. 8 ಅಡಿಗೊಂದು ಕಂಬ ಎಂದರೆ ಸುಮಾರು 104 ಗುಂಡಿ. ಜಮೀನು ನಾಲ್ಕು ಎಕರೆ ಇದ್ದರೆ ಗುಂಡಿ ನಾಲ್ಕು ಪಟ್ಟಾಗುವುದಿಲ್ಲ, ಎರಡೇ ಪಟ್ಟು, ಅಂದರೆ 210ರ ಆಸುಪಾಸು. ಜಮೀನು ಉದ್ದುದ್ದ ಇದ್ದರೆ, ಅಂಕುಡೊಂಕಾಗಿದ್ದರೆ ಇನ್ನಷ್ಟು ಬೇಕಾದೀತು. ಹೇಗಿದ್ದರೂ ಕಲ್ಲುಕಂಬ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುತ್ತದೆ.

ಯಂತ್ರದ ಬೆಲೆಯನ್ನು ನಿಮ್ಮ ಗುಂಡಿಗಳ ಸಂಖ್ಯೆಯಿಂದ ಭಾಗಿಸಿ. ಬರುವ ಮೊತ್ತವನ್ನು ನಿಮ್ಮೂರಿನಲ್ಲಿ ಒಂದು ಗುಂಡಿಗೆ ಕೇಳುವ ಬಾಡಿಗೆಯ ಪಕ್ಕದಲ್ಲಿ ಇಟ್ಟು ನೋಡಿ. ಇನ್ನೂರು ಗುಂಡಿಗಾಗಿ ಸಾಲ ಮಾಡಿ ಯಂತ್ರ ತಂದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಸುವುದಕ್ಕಿಂತ ಎರಡು ದಿನದ ಬಾಡಿಗೆ ಹಲವರಿಗೆ ಅಗ್ಗ. ಅಕ್ಕಪಕ್ಕದ ನಾಲ್ಕೈದು ಮನೆಯವರು ಸೇರಿ ಕೊಂಡರೆ ಲೆಕ್ಕ ಬದಲಾಗುತ್ತದೆ. ಬಾಡಿಗೆ ಯಂತ್ರಗಳ ಬಗ್ಗೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ, ಸಹಾಯಧನ ಇದೆಯೇ, ಯಾವ ಮಾದರಿಗೆ ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ನನ್ನ ಟ್ರ್ಯಾಕ್ಟರ್‌ನ ಪಂಪ್ ನಿಮಿಷಕ್ಕೆ ಎಷ್ಟು ಲೀಟರ್? ಒತ್ತಡ ಎಷ್ಟು? ಟ್ರ್ಯಾಕ್ಟರ್‌ನ ಕೈಪಿಡಿಯಲ್ಲಿ ಅಥವಾ ಸರ್ಕಾರಿ ಪರೀಕ್ಷಾ ವರದಿಯಲ್ಲಿ ಇದನ್ನು ತೋರಿಸಿ ಎನ್ನಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ.
2. ಈ ಯಂತ್ರದ ಮೋಟರ್‌ಗೆ ಕನಿಷ್ಠ ಎಷ್ಟು ಲೀಟರ್, ಎಷ್ಟು ಒತ್ತಡ ಬೇಕು? ಮೋಟರ್ ಎಷ್ಟು ಸಿಸಿ?
3. ವಾಪಸ್ ಆಯಿಲ್‌ಗೆ ಪೈಪ್ ಎಲ್ಲಿ ಕೂರುತ್ತದೆ? ಹಿಮ್ಮುಖ ತಿರುಗುತ್ತದೆಯೇ?
4. ಒಟ್ಟು ತೂಕ ಎಷ್ಟು? ನನ್ನ ಲಿಫ್ಟ್‌ಗೆ ತಡೆಯುತ್ತದೆಯೇ?
5. ಹಲ್ಲು, ಬೋಲ್ಟ್, ಸೀಲ್ ತರೀಕೆರೆಯಲ್ಲೋ ಶಿವಮೊಗ್ಗದಲ್ಲೋ ಸಿಗುತ್ತವೆಯೇ?
6. ನನ್ನ ಜಮೀನಿನಲ್ಲಿ ಡೆಮೊ ಕೊಡುತ್ತೀರಾ?

ಮೊದಲ ಎರಡು ಪ್ರಶ್ನೆಗಳಿಗೆ ಅಂಕಿ ಸಿಗದಿದ್ದರೆ, "ಎಲ್ಲದಕ್ಕೂ ಆಗುತ್ತೆ ಬಿಡಿ ಸಾರ್" ಎಂಬ ಉತ್ತರವಷ್ಟೇ ಸಿಕ್ಕರೆ, ಎದ್ದು ಬನ್ನಿ.

ಇದನ್ನು ಮರೆಯಬೇಡಿ

ಜಲಾಶಯದ ಮಟ್ಟ 186 ಅಡಿ ಮುಟ್ಟಿದಾಗ ಅಷ್ಟು ಆಳದ ನೀರಿನ ಬುಡದಲ್ಲಿ ಇರುವ ಒತ್ತಡ ಸುಮಾರು ಐದೂವರೆ ಬಾರ್. ನಿಮ್ಮ ಯಂತ್ರದ ಪೈಪ್‌ನಲ್ಲಿ ಇರುವುದು ಅದರ ಮೂವತ್ತು ಪಟ್ಟು. ಪೈಪ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೂ ಅದರಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸೋರುವುದು ಎಲ್ಲಿ ಎಂದು ಕೈಯಿಂದ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಹಾಗೆ ಆಯಿಲ್ ಚುಚ್ಚಿದರೆ ಮೇಲೆ ಸಣ್ಣ ಚುಕ್ಕೆ ಕಾಣುತ್ತದೆ, ನೋವೂ ಮೊದಮೊದಲು ಕಡಿಮೆ ಇರಬಹುದು. ಒಳಗೆ ಮಾತ್ರ ಮಾಂಸ ಕೊಳೆಯತೊಡಗುತ್ತದೆ. ಅರಿಶಿನ ಹಚ್ಚಿ ನಾಳೆ ನೋಡೋಣ ಎನ್ನದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒತ್ತಡದಲ್ಲಿ ಒಳಹೊಕ್ಕಿದೆ" ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ತಡವಾದರೆ ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ.

ತೋಡುವ ಮೊದಲು ಪಂಪ್‌ಸೆಟ್ ಕೇಬಲ್, ಹನಿ ನೀರಾವರಿ ಪೈಪ್ ಎಲ್ಲಿ ಹಾದಿವೆ ಎಂದು ಗುರುತು ಮಾಡಿ. ನಾಲೆಯ ಏರಿಯ ಮೇಲೆ ಗುಂಡಿ ತೋಡಬೇಡಿ. ಅದು ನಿಮ್ಮ ಜಾಗವಲ್ಲ, ಏರಿಯಲ್ಲಿ ನೀರು ಜಿನುಗಲು ದಾರಿ ಮಾಡಿದರೆ ಕೆಳಗಿನ ಗದ್ದೆಗಳಿಗೂ ಅಪಾಯ. ತೋಡಿದ ಗುಂಡಿಗೆ ಅಂದೇ ಕಂಬ ನಿಲ್ಲಿಸಿ, ಆಗದಿದ್ದರೆ ಮುಚ್ಚಿಡಿ. ಒಂದಡಿ ಅಗಲ, ಮೂರಡಿ ಆಳದ ಗುಂಡಿ ಸಣ್ಣ ಮಗುವಿಗೂ ಕರುವಿಗೂ ಬಾವಿಯೇ.

ಚುಟುಕಾಗಿ, ಗುಂಪಿಗೆ ಕಳಿಸುವವರಿಗಾಗಿ

"ಹೈಡ್ರಾಲಿಕ್ ಎಂದಾಕ್ಷಣ ಶಕ್ತಿ ಜಾಸ್ತಿ ಅಲ್ಲ. ಮಿನಿ ಟ್ರ್ಯಾಕ್ಟರ್‌ನ ಎಚ್‌ಪಿ ನೋಡಿ ಗುಂಡಿ ಯಂತ್ರ ಕೊಳ್ಳಬೇಡಿ, ಪಂಪ್ ನಿಮಿಷಕ್ಕೆ ಎಷ್ಟು ಲೀಟರ್, ಒತ್ತಡ ಎಷ್ಟು ಎಂದು ಕೇಳಿ. ಸಣ್ಣ ಪಂಪ್ ಆದರೆ ಬೇಲಿಕಂಬಕ್ಕೆ ಪಿಟಿಒ ಯಂತ್ರ ಮೇಲು. 12 ಇಂಚಿನ ಸುರುಳಿ ಅಡಿಕೆಯ ಪೂರ್ತಿ ಗುಂಡಿ ತೋಡುವುದಿಲ್ಲ. ಯಂತ್ರದ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಇನ್ನೂರು ಗುಂಡಿಯಷ್ಟೇ ಬೇಕಿದ್ದರೆ ಮೊದಲು ಬಾಡಿಗೆ ವಿಚಾರಿಸಿ."